ಬಗ್ಗದ ಸೊಟ್ಟ ಪಾದಕ್ಕೆ ಎಂಥ ಶೂ ಮಾಡಿಸಬೇಕು? ಹಾಸನ ಕಡೆಯವರು ದಯವಿಟ್ಟು ಹೇಳಿ

ಸಕಲೇಶಪುರದ ತಂಗಿ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ವಿಷಯ ಕೇಳಬೇಕಿತ್ತು. ಅವನಿಗೆ ಈಗ 43. ಹುಟ್ಟಿನಿಂದಲೇ ಬಲಗಾಲು ಸೊಟ್ಟ. ಡಾಕ್ಟರು ಕ್ಲಬ್ ಫೂಟ್ ಅನ್ನುತ್ತಾರೆ. ಮಗುವಾಗಿದ್ದಾಗ ಸ್ವಲ್ಪ ದಿನ ಪ್ಲಾಸ್ಟರ್ ಹಾಕಿಸಿದ್ದರಂತೆ. ಅಪ್ಪ ಹೋದ ಮೇಲೆ ಅದು ಅಲ್ಲಿಗೇ ನಿಂತಿತು.

ಪಾದ ಒಳಕ್ಕೆ ಮಗುಚಿಕೊಂಡಿದೆ. ನಿಂತಾಗ ಕಿರುಬೆರಳಿನ ಕಡೆಯ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಹಿಮ್ಮಡಿ ಬೆರಳು ತೂರುವಷ್ಟು ಮೇಲೇ ಇರುತ್ತದೆ. ಕಾಫಿ ತೋಟದಲ್ಲಿ ರೈಟರ್ ಕೆಲಸ. ಹೆಸರಿಗೆ ಲೆಕ್ಕ ಬರೆಯುವುದು, ಅರ್ಧ ದಿನ ಇಳಿಜಾರಿನಲ್ಲಿ ಆಳುಗಳ ಹಿಂದೆ ಓಡಾಟ. ಇಷ್ಟು ವರ್ಷ ಹವಾಯಿ ಚಪ್ಪಲಿಗೆ ಹಿಂದೊಂದು ಬೆಲ್ಟ್ ಹೊಲಿಸಿಕೊಂಡು ನಡೆದ. ನೋವು ಗೀವು ಅಂತ ಯಾರ ಹತ್ತಿರವೂ ಹೇಳಿದವನಲ್ಲ.

ಹೋದ ಮಳೆಗಾಲದಲ್ಲಿ ಹೊರ ಅಂಚಿನ ದಡ್ಡು ಒಡೆದು ನೀರು ಸೋರೋಕೆ ಶುರುವಾಯಿತು. ಒಣಗುತ್ತದೆ, ಮತ್ತೆ ಒಡೆಯುತ್ತದೆ. ಆನ್‌ಲೈನಿನಲ್ಲಿ ‘ಪಾದ ನೇರ ಮಾಡುವ’ ಇನ್‌ಸೋಲ್ ತರಿಸಿದೆ. ಒಂದು ಕಡೆ ಎತ್ತರ, ಗಟ್ಟಿ ಪ್ಲಾಸ್ಟಿಕ್. ಅದನ್ನು ಹಾಕಿಕೊಂಡ ಮೇಲೆ ನೋವು ಜಾಸ್ತಿಯೇ ಆಯಿತು. ಹಾಸನದ ಒಂದು ಅಂಗಡಿಯಲ್ಲಿ ಮೆಡಿಕೇಟೆಡ್ ಸ್ಯಾಂಡಲ್ ಅಂತ ಮೆತ್ತನೆಯದು ಕೊಟ್ಟರು. ಅದರಲ್ಲಿ ಪಾದ ಹೊರಗಡೆ ಜಾರಿ ಪಟ್ಟಿಯ ಮೇಲೇ ನಿಲ್ಲುತ್ತದೆ.

ರೆಡಿಮೇಡ್ ಆಗುತ್ತದಾ, ಅಳತೆ ಕೊಟ್ಟು ಮಾಡಿಸಬೇಕಾ? ಶೂ ಒಳ್ಳೆಯದಾ, ಸ್ಯಾಂಡಲ್ಲಾ? ಈ ವಯಸ್ಸಿನಲ್ಲಿ ಪಾದ ಸ್ವಲ್ಪವಾದರೂ ನೇರ ಆಗುತ್ತದಾ?

ಅಚ್ಚು ಮತ್ತು ಅಟ್ಟೆ

ಮೇಡಂ, ನಾನು ಪ್ರಾಸ್ಥೆಟಿಕ್ಸ್ ಆರ್ಥೋಟಿಕ್ಸ್ ಓದಿದವನು, ಅಂದರೆ ಕೃತಕ ಕೈಕಾಲು, ಕೈಕಾಲಿಗೆ ಆಧಾರ ಕೊಡುವ ಸಾಧನ ಮಾಡುವ ವಿದ್ಯೆ. ಕ್ಯಾಲಿಪರ್, ಶೂ ಮಾಡುವುದೇ ಕೆಲಸ. ಎಲ್ಲಿ ಅಂತ ಹೇಳಿದರೆ ಜಾಹೀರಾತು ಆಗುತ್ತದೆ, ಬಿಡಿ.

ಮೊದಲು ಗಾಯ. ನೀರು ಸೋರುತ್ತಿರುವ ಪಾದಕ್ಕೆ ಯಾರೂ ಹೊಸ ಶೂ ಅಳತೆ ತೆಗೆಯಬಾರದು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮೂಳೆ ವಿಭಾಗದಲ್ಲೋ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ತೋರಿಸಿ. ಒಂದು ಎಕ್ಸ್-ರೇ ಆಗಲಿ, ಸಕ್ಕರೆ ಪರೀಕ್ಷೆಯೂ ಆಗಲಿ. ದಡ್ಡನ್ನು ಅಲ್ಲೇ ತೆಳುವಾಗಿ ಕೆರೆದು ಕೊಡುತ್ತಾರೆ. ಮನೆಯಲ್ಲಿ ಬ್ಲೇಡ್ ಹಿಡಿಯಬೇಡಿ. ಆಣಿ ಪಟ್ಟಿಯನ್ನೂ ಅಂಟಿಸಬೇಡಿ, ಅದರಲ್ಲಿರುವ ಆಸಿಡ್ ಒಡೆದ ಚರ್ಮವನ್ನು ಸುಡುತ್ತದೆ.

ಆಮೇಲೆ ಒಂದು ವಿಷಯ ಗೊತ್ತಾಗಬೇಕು. ಪಾದ ಬಗ್ಗುತ್ತದೋ ಇಲ್ಲವೋ? ಅಣ್ಣನನ್ನು ಎತ್ತರದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಪಾದದ ಮುಂಭಾಗ ಹಿಡಿದು ಮೆಲ್ಲಗೆ ಹೊರಕ್ಕೆ ತಿರುಗಿಸಿ ನೋಡಿ. ನೇರಕ್ಕೆ ಬಂದರೆ ಬಗ್ಗುವ ಪಾದ. ಮೂಳೆಗೆ ಮೂಳೆ ತಾಗಿದ ಹಾಗೆ ಗಟ್ಟಿಯಾಗಿ ನಿಂತರೆ ಬಗ್ಗದ ಪಾದ. ಚಿಕಿತ್ಸೆ ಪೂರ್ತಿಯಾಗದೆ ಬೆಳೆದ ಕ್ಲಬ್ ಫೂಟ್ 43ರಲ್ಲಿ ಬಗ್ಗುವುದು ಅಪರೂಪ.

ಕಮಾನು ಎತ್ತರವಿದ್ದು ಹಿಮ್ಮಡಿ ಒಳಕ್ಕೆ ವಾಲಿದವರಿಗೆ ಇನ್ನೊಂದು ಪರೀಕ್ಷೆ ಇದೆ. ಕೋಲ್ಮನ್ ಬ್ಲಾಕ್ ಅನ್ನುತ್ತೇವೆ. ಹಿಮ್ಮಡಿ ಮತ್ತು ಹೊರ ಅಂಚಿನ ಕೆಳಗೆ ಒಂದು ಇಂಚಿನ ಮರದ ತುಂಡು ಇಟ್ಟು, ಹೆಬ್ಬೆರಳಿನ ಕಡೆಯನ್ನು ಕೆಳಕ್ಕೆ ಇಳಿಬಿಟ್ಟು ನಿಲ್ಲಿಸುತ್ತೇವೆ. ಹಿಂದಿನಿಂದ ನೋಡಿದಾಗ ಹಿಮ್ಮಡಿ ನೆಟ್ಟಗಾದರೆ ಅದಿನ್ನೂ ಬಗ್ಗುತ್ತದೆ ಅಂತ ಲೆಕ್ಕ.

ನಿಮ್ಮ ಇನ್‌ಸೋಲ್ ಯಾಕೆ ನೋಯಿಸಿತು ಅಂದರೆ, ಅದು ಬಗ್ಗುವ ಪಾದಕ್ಕೆ ಮಾಡಿದ್ದು. ಬಗ್ಗುವ ಪಾದ ಒಳಕ್ಕೆ ವಾಲಿದ್ದರೆ ಹೊರಗಡೆ ಎತ್ತರ ಕೊಟ್ಟು ತಳ್ಳುತ್ತೇವೆ, ಪಾದ ಒಪ್ಪಿಕೊಂಡು ತಿರುಗುತ್ತದೆ. ಬಗ್ಗದ ಪಾದ ತಿರುಗುವುದಿಲ್ಲ. ಮೊದಲೇ ಭಾರ ಹೊತ್ತಿರುವ ಅಂಚಿನ ಮೇಲೆ ಇನ್ನಷ್ಟು ಭಾರ ಕೂರುತ್ತದೆ, ಅಷ್ಟೇ. ಅಲ್ಲಿ ಮಾಡಬೇಕಾದ್ದು ಪೂರ್ತಿ ಉಲ್ಟಾ. ಮೇಲೆ ಎದ್ದಿರುವ ಒಳ ಅಂಚಿನ ಕೆಳಗೆ, ಹಿಮ್ಮಡಿಯ ಕೆಳಗೆ ಖಾಲಿ ಇದೆಯಲ್ಲ, ಆ ಜಾಗ ತುಂಬಬೇಕು. ಕುಂಟುವ ಮಂಚದ ಕಾಲಿಗೆ ಸಕ್ಕೆ ಕೊಡುತ್ತೇವಲ್ಲ, ಹಾಗೆ. ಮಂಚದ ಕಾಲನ್ನು ಎಳೆದು ಉದ್ದ ಮಾಡುವುದಿಲ್ಲ ಅಲ್ವಾ?

ಅಂದರೆ ಪಾದ ನೇರ ಆಗುವುದಿಲ್ಲ. ಶೂನಿಂದ ಆಗುವುದಿಲ್ಲ. ಆಗುತ್ತದೆ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೆ ಈಗ ಹೊರ ಅಂಚಿನ ಎರಡು ಬೆರಳಷ್ಟು ಜಾಗ ಹೊರುವ ಭಾರವನ್ನು ಇಡೀ ಅಂಗಾಲಿಗೆ ಹಂಚಬಹುದು. ನೋವು, ದಡ್ಡು, ಗಾಯ ಮೂರೂ ಅದರಿಂದಲೇ ಇಳಿಯುತ್ತವೆ.

ಅಣ್ಣನ ಹಳೆ ಹವಾಯಿ ಚಪ್ಪಲಿ ಎಸೆದಿಲ್ಲ ತಾನೆ? ಅಟ್ಟೆಯ ಫೋಟೊ ಹಾಕಿ.

ಗಂಡಸಿ ಹ್ಯಾಂಡ್‌ಪೋಸ್ಟ್

ಇಷ್ಟೆಲ್ಲ ಯಾಕೆ? ಈಗ ಎಲ್ಲದಕ್ಕೂ ಆಪರೇಷನ್ ಇದೆ. ಒಂದು ಸಲ ಮಾಡಿಸಿ ಬಿಸಾಕಿ. ವರ್ಷ ವರ್ಷ ಶೂಗೆ ದುಡ್ಡು ಸುರಿಯೋದು ಯಾಕೆ?

ಹಳೇಬೀಡಿನವನು

ಗಂಡಸಿ ಅಣ್ಣಾ, ಮಾಡಿಸಿಕೊಂಡವನು ನಾನು. ನನ್ನದೂ ಹುಟ್ಟು ಸೊಟ್ಟ ಪಾದವೇ. ಟ್ರಿಪಲ್ ಆರ್ಥ್ರೊಡೆಸಿಸ್ ಅಂತ, ಹರಡಿನ ಕೆಳಗಿನ ಮೂರು ಕೀಲುಗಳನ್ನು ಕೊಯ್ದು ಸರಿಯಾದ ಕೋನಕ್ಕೆ ತಂದು ಬೆಸೆಯುತ್ತಾರೆ. ತಿಂಗಳುಗಟ್ಟಲೆ ಪ್ಲಾಸ್ಟರು. ಅಷ್ಟು ದಿನ ಭಾರ ಊರುವ ಹಾಗಿಲ್ಲ. ಮನೆಯಲ್ಲಿ ಎತ್ತಿ ಇಳಿಸುವವರು ಬೇಕು, ಕೂಲಿ ಹೋಗುತ್ತದೆ.

ಫಲ ಸಿಕ್ಕಿತಾ? ಸಿಕ್ಕಿತು. ಅಂಗಾಲು ನೆಲಕ್ಕೆ ಕೂತಿದೆ. ಆದರೆ ಬೆಸೆದ ಕೀಲು ಆಡುವುದಿಲ್ಲ. ಗದ್ದೆ ಬದುವಿನಂಥ ಏರುಪೇರು ನೆಲದಲ್ಲಿ ಪಾದ ಹೊಂದಿಕೊಳ್ಳುವುದಿಲ್ಲ. ಈಗಲೂ ನನಗೆ ಬೇಕಾಗಿರುವುದು ಅಟ್ಟೆ ದುಂಡಗಿರುವ ಶೂನೇ. ಆಪರೇಷನ್ ಆದರೆ ಶೂ ಬೇಡ ಅನ್ನುವುದು ಸುಳ್ಳು.

ತಂಗಿ, ನಿಮ್ಮ ಅಣ್ಣನಿಗೆ ಗಾಯ ಪದೇ ಪದೇ ಆಗುತ್ತಿದ್ದರೆ ಮೂಳೆ ಡಾಕ್ಟರ ಹತ್ತಿರ ಆ ಮಾತನ್ನೂ ಆಡಿ. ಮಾಡಿಸಿ ಅಂತಲೂ ಬೇಡ ಅಂತಲೂ ನಾನು ಹೇಳೋದಿಲ್ಲ. ಆದರೆ ನಿರ್ಧಾರ ನಿಮ್ಮ ಅಣ್ಣನದ್ದು. ನಿಮ್ಮದಲ್ಲ, ನಮ್ಮದೂ ಅಲ್ಲ.

ಅರಸೀಕೆರೆ ಪ್ಯಾಸೆಂಜರ್

ತಾಯಿ, ನನಗೆ ವಯಸ್ಸು 60 ದಾಟಿತು. ಪೋಲಿಯೊ ಕಾಲು. 2014ರಲ್ಲಿ ದೇಶ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಬಂತು, ಸಂತೋಷ. ಆದರೆ ನಾವು ಹಳೆಯ ಗಿರಾಕಿಗಳು ಇನ್ನೂ ಇದ್ದೇವೆ. ನಮ್ಮ ಶೂ ಗೊತ್ತಿದ್ದ ಕೆಲಸಗಾರರು ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದಾರೆ.

ಮೇಲೆ ಬರೆದವರು ಹಿಮ್ಮಡಿ ಕೆಳಗೆ ತುಂಬಬೇಕು ಅಂದರು. ಎಲ್ಲರಿಗೂ ಅಲ್ಲ! ನನ್ನದೂ ಹಿಮ್ಮಡಿ ನೆಲ ಮುಟ್ಟದ ಪಾದ. ಒಂದು ವರ್ಕ್‌ಶಾಪಿನಲ್ಲಿ ಚೆನ್ನಾಗಿ ಎತ್ತರ ತುಂಬಿ ಕೊಟ್ಟರು. ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ಇಟ್ಟೆ, ಮಂಡಿ ಮಡಚಿ ಕುಸಿದೆ. ಆಮೇಲೆ ಒಬ್ಬ ಫಿಸಿಯೋ ಅಮ್ಮ ಹೇಳಿದರು. ನನ್ನ ತೊಡೆಯಲ್ಲಿ ಬಲವಿಲ್ಲ. ಬೆರಳ ತುದಿ ಮೊದಲು ನೆಲ ಊರುವುದರಿಂದಲೇ ಮಂಡಿ ಹಿಂದಕ್ಕೆ ತಳ್ಳಿಸಿಕೊಂಡು ಲಾಕ್ ಆಗುತ್ತಿತ್ತಂತೆ. ಎತ್ತರ ತುಂಬಿದ ಕೂಡಲೇ ಆ ಲಾಕ್ ಹೋಯಿತು. ತೊಡೆಗೆ ಕೈ ಒತ್ತಿಕೊಂಡು ನಡೆಯುವ ನನ್ನಂಥವರಿಗೆ ಹಿಮ್ಮಡಿ ಎತ್ತರಿಸುವ ಮೊದಲು ಮಂಡಿ ನೋಡಬೇಕು. ಪಾದ ಮಾತ್ರ ನೋಡಿ ಶೂ ಬರೆಯುವವರ ಹತ್ತಿರ ಹೋಗಬೇಡಿ.

ಅಚ್ಚು ಮತ್ತು ಅಟ್ಟೆ

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಕುರ್ಚಿಯಲ್ಲಿ ಕೂತು ಮಂಡಿಯನ್ನು ನೇರ ಮಾಡಿ ಎತ್ತಿ ಹಿಡಿಯಲು ಆಗದವರಿಗೆ ಲೆಕ್ಕ ಬೇರೆ. ಕ್ಲಬ್ ಫೂಟ್‌ನಲ್ಲಿ ಸಾಮಾನ್ಯವಾಗಿ ಮೀನಖಂಡ ಸಣ್ಣಗಿರುತ್ತದೆ, ತೊಡೆ ಚೆನ್ನಾಗಿರುತ್ತದೆ. ಅವರಿಗೆ ಹಿಮ್ಮಡಿ ತುಂಬದೇ ಬಿಟ್ಟರೆ ಮಂಡಿ ಹಿಂದಕ್ಕೆ ಬಾಗಿ ಬಾಗಿ ಕೊನೆಗೆ ಅಲ್ಲೂ ನೋವು ಬರುತ್ತದೆ.

ಶೂ ಒಳಗೆ ಸುಮಾರು 1 ಸೆಂ.ಮೀ.ವರೆಗೆ ತುಂಬಬಹುದು. ಅದಕ್ಕಿಂತ ಜಾಸ್ತಿ ಆದರೆ ಹಿಮ್ಮಡಿ ಶೂನಿಂದ ಹೊರಗೆ ಜಾರುತ್ತದೆ. ಉಳಿದದ್ದನ್ನು ಹೊರಗಿನ ಅಟ್ಟೆಗೇ ಕೊಡಬೇಕು.

ಚಪ್ಪಲಿ ಫೋಟೊ ನೋಡಿದೆ ಮೇಡಂ. ಹೊರ ಅಂಚು ಕಾಗದದ ಹಾಗೆ ತೆಳ್ಳಗಾಗಿದೆ. ಒಳ ಅಂಚಿನಲ್ಲಿ, ಹಿಮ್ಮಡಿ ಹತ್ತಿರ, ಅಂಗಡಿಯ ಗೀರು ಇನ್ನೂ ಹಾಗೇ ಇದೆ. ಮುಂದೆ ಅಳತೆಗೆ ಹೋಗುವಾಗ ಇದನ್ನು ತೊಳೆಯದೇ ತೆಗೆದುಕೊಂಡು ಹೋಗಿ. ಎಲ್ಲಿ ಭಾರ ಬೀಳುತ್ತಿದೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಐ.ಜಿ. ರೋಡ್ ರಿಪೇರಿ

ನಾನು ಚಿಕ್ಕಮಗಳೂರು. ನಮ್ಮ ತಂದೆ ಕಾಲದಿಂದ ಚಪ್ಪಲಿ ಕೆಲಸ. ಡಾಕ್ಟರ್ ಚೀಟಿ ಹಿಡಿದು ಬರುವವರಿಗೆ ಮಾಡಿ ಕೊಡುತ್ತೇನೆ, ಆದ್ದರಿಂದ ಎರಡು ಮಾತು.

ಅಂಗಡಿಯ ಶೂ ಎಲ್ಲವೂ ಒಂದು ಅಚ್ಚಿನ ಮೇಲೆ ಮಾಡಿದವು. ಆ ಅಚ್ಚು ನೆಟ್ಟಗಿನ ಪಾದದ್ದು. ಎಷ್ಟೇ ದೊಡ್ಡ ಸೈಜ್ ತೆಗೆದುಕೊಂಡರೂ ಉಬ್ಬಿದ ಮೂಳೆ ಇರುವ ಜಾಗದಲ್ಲಿ ಅಗಲ ಸಿಗುವುದಿಲ್ಲ. ಉದ್ದ ಮಾತ್ರ ಸಿಗುತ್ತದೆ, ಉದ್ದದಿಂದ ಎಡವುವುದು ಜಾಸ್ತಿ. ಸ್ವಲ್ಪ ಸೊಟ್ಟ ಇದ್ದವರಿಗೆ ಆಳ ಜಾಸ್ತಿ ಇರುವ ರೆಡಿ ಶೂ ಸಿಗುತ್ತದೆ. ಒಳಗಿನ ಪ್ಯಾಡ್ ಕಿತ್ತು ನಮ್ಮ ಪ್ಯಾಡ್ ಕೂರಿಸಬಹುದು. ಅಕ್ಕ ಬರೆದ ಪಾದಕ್ಕೆ ಅದು ಸಾಲದು. ಪ್ಲಾಸ್ಟರಿನಲ್ಲಿ ಪಾದದ ಅಚ್ಚು ತೆಗೆದು ಅದರ ಮೇಲೇ ಚರ್ಮ ಎಳೆಯಬೇಕು. ಅದು ನನ್ನಂಥವನ ಕೆಲಸ ಅಲ್ಲ, ಆರ್ಥೋಟಿಸ್ಟ್ ಕೆಲಸ.

ನಮ್ಮಂಥವರು ಏನು ಮಾಡಬಹುದು? ಅಟ್ಟೆ ಎತ್ತರಿಸುವುದು, ಹೊರ ಅಂಚಿಗೆ ಅಗಲ ಕೊಡುವುದು, ಪಟ್ಟಿಯ ಜಾಗ ಬದಲಿಸುವುದು, ಬಕಲ್ ಹಾಕುವುದು. ಚೀಟಿಯಲ್ಲಿ ಮಿಲಿಮೀಟರ್ ಬರೆದಿದ್ದರೆ ಸರಿಯಾಗಿ ಮಾಡುತ್ತೇವೆ. ‘ಸ್ವಲ್ಪ ಎತ್ತರ ಕೊಡಿ’ ಅಂತ ಬರೆದರೆ ಯಾರ ಸ್ವಲ್ಪ?

ಕೆಲವು ಕಡೆ ಗಮನವಿಡಿ. ಮೂಳೆ ಉಬ್ಬಿದ ಜಾಗದ ಮೇಲೆ ಹೊಲಿಗೆ ಬರಬಾರದು. ಒಳಗೆ ಕೈ ಹಾಕಿ ಬೆರಳಲ್ಲಿ ಸವರಿ ನೋಡಿ, ಗಂಟು ಸಿಕ್ಕರೆ ವಾಪಸ್ ಕೊಡಿ. ಲೇಸ್ ಬೆರಳಿನ ತುದಿಯವರೆಗೂ ಬಿಚ್ಚಿಕೊಳ್ಳಬೇಕು. ಬಗ್ಗದ ಪಾದವನ್ನು ಸಣ್ಣ ಬಾಯಿಯೊಳಕ್ಕೆ ತುರುಕಲಾಗದು. ಹಿಂಭಾಗ ಗಟ್ಟಿ ಇರಲಿ, ಒತ್ತಿದರೆ ಮಡಚಿಕೊಳ್ಳಬಾರದು. ಅಂಟು ಮತ್ತು ಹೊಲಿಗೆಯಲ್ಲೇ ಮುಗಿಸಲು ಹೇಳಿ, ಮೊಳೆ ಬೇಡ. ಅಟ್ಟೆ ಸವೆದ ಮೇಲೆ ಮೊಳೆ ಒಳಕ್ಕೆ ತಲೆ ಹಾಕುತ್ತದೆ.

ಉಂಗುಷ್ಟದ ಚಪ್ಪಲಿ ಈ ಪಾದಕ್ಕೆ ಬೇಡವೇ ಬೇಡ. ಚಪ್ಪಲಿ ಹಿಡಿದುಕೊಳ್ಳಲು ಹೆಬ್ಬೆರಳು ಇಡೀ ದಿನ ಬಿಗಿ ಹಿಡಿಯಬೇಕಾಗುತ್ತದೆ.

ಎಡಗಾಲು, ಬಲಗಾಲು ಒಂದೇ ಸೈಜ್ ಇರುವುದಿಲ್ಲ, ಗೊತ್ತಿರಲಿ. ಎರಡು ಜೊತೆ ಕೊಂಡು ಒಂದೊಂದು ಬಿಸಾಕುವವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಮಾಡಿಸುವಾಗ ಎರಡೂ ಕಾಲಿಗೆ ಮಾಡಿಸಿ, ಬಣ್ಣವೂ ಒಂದೇ ಇರುತ್ತದೆ.

ಸಕಲೇಶಪುರದ ತಂಗಿ

ಎಲ್ಲರಿಗೂ ಧನ್ಯವಾದ. ಅಣ್ಣನ ಪಾದ ಕೈಯಲ್ಲಿ ತಿರುಗಿಸಿ ನೋಡಿದೆ. ಒಂದಿಷ್ಟೂ ಅಲ್ಲಾಡುವುದಿಲ್ಲ. ಬಲ ಪಾದ ಎಡಕ್ಕಿಂತ ಚಿಕ್ಕದೂ ಹೌದು, ನಾವು ಯಾವತ್ತೂ ಅಳೆದಿರಲಿಲ್ಲ. ಅವನದು ಒಂದೇ ಹಟ. ‘ಮಳೆಯಲ್ಲಿ ಚರ್ಮದ ಶೂ ಹಾಕಿಕೊಂಡು ತೋಟಕ್ಕೆ ಹೋದರೆ ಆಳುಗಳು ನಗುತ್ತಾರೆ, ಗಮ್‌ಬೂಟ್‌ಗೆ ಏನಾದರೂ ದಾರಿ ಇದೆಯಾ ಕೇಳು’ ಅಂತಾನೆ.

ಮೂಡಿಗೆರೆ ಕಣ

ಗಮ್‌ಬೂಟ್ ಬೇಡ ಅಕ್ಕ. ನಮ್ಮ ತೋಟದಲ್ಲೂ ಒಬ್ಬರಿಗೆ ಇದೇ ಥರದ ಕಾಲು. ಬೂಟಿನ ಕತ್ತು ಕಿರಿದು, ಬಗ್ಗದ ಪಾದ ಇಳಿಯುವುದೇ ಇಲ್ಲ. ಇಳಿದರೂ ಒಳಗೆ ಹಿಡಿತ ಇರುವುದಿಲ್ಲ. ಇಳಿಜಾರಿನಲ್ಲಿ ಕಾಲು ಒಳಗೇ ಮಗುಚುತ್ತದೆ. ಬೆವರು ಸೇರಿ ಚರ್ಮ ನೆನೆದು ಬೆಳ್ಳಗಾಗುತ್ತದೆ. ನೆನೆದ ಚರ್ಮ ಬೇಗ ಒಡೆಯುತ್ತದೆ.

ನಮ್ಮವರು ಈಗ ಹರಡು ಮುಚ್ಚುವ ಬೂಟು ಮಾಡಿಸಿಕೊಂಡಿದ್ದಾರೆ, ರಬ್ಬರ್ ಅಟ್ಟೆ, ಆಳವಾದ ಗೀರು. ವೆಲ್ಕ್ರೋ ಹಾಕಿಸಿದ್ದರು, ಜೂನ್ ಮುಗಿಯುವಷ್ಟರಲ್ಲಿ ಕೆಸರು ತುಂಬಿ ಹಿಡಿಯುವುದೇ ಬಿಟ್ಟಿತು. ಬಕಲ್ ಹಾಕಿಸಿದರು. ಮೇಲೆ ಇಂಬಳ ಹತ್ತದ ಉದ್ದ ಬಟ್ಟೆ ಕಾಲುಚೀಲ.

ಎರಡು ಜೊತೆ ಇಲ್ಲದೆ ಮಲೆನಾಡಿನಲ್ಲಿ ಆಗುವುದಿಲ್ಲ. ಒಂದು ಒಣಗುವಾಗ ಇನ್ನೊಂದು. ಒದ್ದೆ ಶೂ ಒಳಗೆ ಪೇಪರ್ ತುರುಕಿ, ಪ್ಯಾಡ್ ಹೊರಗೆ ತೆಗೆದು ಗಾಳಿಗೆ ಇಡಿ. ಬಚ್ಚಲ ಒಲೆಯ ಪಕ್ಕ ಇಡಬೇಡಿ. ನಮ್ಮವರ ಪ್ಯಾಡ್ ಅಲ್ಲೇ ಸುರುಟಿಕೊಂಡಿತು.

ನಗುವ ಆಳುಗಳು ಎರಡು ದಿನ ನಗುತ್ತಾರೆ. ಆಮೇಲೆ ‘ನಮಗೂ ಒಂದು ಜೊತೆ ಕೊಡಿಸಿ ರೈಟರೇ’ ಅಂತಾರೆ.

ಅಚ್ಚು ಮತ್ತು ಅಟ್ಟೆ

ಪ್ಯಾಡಿನ ಫೋಮ್ ಬಿಸಿಗೆ ಆಕಾರ ಬದಲಿಸುತ್ತದೆ. ನಾವು ಅದನ್ನು ಬಿಸಿ ಮಾಡಿಯೇ ಪಾದದ ಅಚ್ಚಿಗೆ ಕೂರಿಸುವುದು. ಒಲೆ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್, ಎರಡೂ ಬೇಡ.

ತೋಟದ ನೆಲ ಅಂತ ಗೊತ್ತಾಗಿದ್ದು ಒಳ್ಳೆಯದಾಯಿತು. ಪುಸ್ತಕದ ಪ್ರಕಾರ ಇಂಥ ಪಾದಕ್ಕೆ ಎರಡು ಬೇಕು. ಹೊರ ಅಂಚಿನಲ್ಲಿ ಅಟ್ಟೆಯನ್ನು ಹೊರಕ್ಕೆ ಅಗಲ ಮಾಡುವುದು ಒಂದು. ಹೊರಗಡೆ ಕಾಲು ಮಗುಚದಂತೆ ಅದು ತಡೆಯುತ್ತದೆ. ಮುಂಭಾಗದಲ್ಲಿ ಅಟ್ಟೆಯನ್ನು ದುಂಡಗೆ ಮೇಲೆತ್ತುವುದು ಇನ್ನೊಂದು, ರಾಕರ್ ಅನ್ನುತ್ತೇವೆ. ಹರಡು ಬಗ್ಗದವರು ಅದರ ಮೇಲೆ ಉರುಳಿಕೊಂಡು ಮುಂದೆ ಹೋಗುತ್ತಾರೆ. ಟಾರ್ ರಸ್ತೆಯಲ್ಲಿ ಎರಡೂ ಚೆಂದ. ಕಾಫಿ ಗಿಡದ ಬುಡದಲ್ಲಿ ಅಗಲ ಅಟ್ಟೆ ಬೇರಿಗೆ ತಗಲುತ್ತದೆ. ರಾಕರ್ ಜಾಸ್ತಿ ಇದ್ದರೆ ಇಳಿಯುವಾಗ ನಿಲ್ಲಲು ಹಿಡಿತ ಸಾಲದು. ನಾನಾದರೆ ತೋಟಕ್ಕೆ ಹಾಕುವ ಜೊತೆಯಲ್ಲಿ ಎರಡನ್ನೂ ಕಡಿಮೆ ಇಡುತ್ತೇನೆ, ಪೇಟೆಗೆ ಹಾಕುವ ಜೊತೆಯಲ್ಲಿ ಪೂರ್ತಿ ಕೊಡುತ್ತೇನೆ. ಅಳತೆ ತೆಗೆಯುವವರಿಗೆ ಅಣ್ಣ ಏನು ಕೆಲಸ ಮಾಡುತ್ತಾರೆ, ಎಂಥ ನೆಲ ಅಂತ ಮೊದಲೇ ಹೇಳಿ. ಅವರು ಕೇಳದಿದ್ದರೂ ಹೇಳಿ.

ಬೇಲೂರು ಬೀದಿ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ, 20 ವರ್ಷದ ಮೇಲಾಯಿತು. ಪಾದದ ನಡುಭಾಗ ಕುಸಿದು ಅಂಗಾಲು ಹೊರಕ್ಕೆ ಉಬ್ಬಿದೆ, ಗಟ್ಟಿ. ನೋವಿಲ್ಲ ಅಂತಾರೆ. ಅವರಿಗೂ ಇದೇ ಥರ ಪ್ಯಾಡ್ ಆಗುತ್ತದಾ?

ಅಚ್ಚು ಮತ್ತು ಅಟ್ಟೆ

ಅಕ್ಕ, ನೋವಿಲ್ಲ ಅನ್ನುವುದೇ ಭಯ. ಸ್ಪರ್ಶ ಹೋಗಿರಬಹುದು. ಡಾಕ್ಟರು ಸಣ್ಣ ನೈಲಾನ್ ದಾರದಿಂದ ಅಂಗಾಲಿಗೆ ಒತ್ತಿ ನೋಡುತ್ತಾರೆ, 10 ಗ್ರಾಂ ಒತ್ತಡಕ್ಕೆ ಬಾಗುವ ದಾರ. ಅದು ಗೊತ್ತಾಗದಿದ್ದರೆ ಶೂ ಕಚ್ಚಿದರೂ ಅಮ್ಮನಿಗೆ ಗೊತ್ತಾಗುವುದಿಲ್ಲ.

ಪಾದ ಈಗ ಊದಿದೆಯಾ, ಇನ್ನೊಂದಕ್ಕಿಂತ ಬಿಸಿ ಇದೆಯಾ, ಕೆಂಪಗಿದೆಯಾ? ಇದ್ದರೆ ಶೂ ಮಾತು ಪಕ್ಕಕ್ಕಿಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಮೂಳೆ ಇನ್ನೂ ಕುಸಿಯುತ್ತಿರಬಹುದು, ಆಗ ಬೇಕಾಗುವುದು ಪ್ಲಾಸ್ಟರ್ ಮತ್ತು ವಿಶ್ರಾಂತಿ. ತಣ್ಣಗಾಗಿ ಗಟ್ಟಿಯಾದ ಮೇಲೆ ಶೂ. ಆ ಶೂ ಒಳಗೆ ಇಡೀ ಅಂಗಾಲಿಗೆ ತಾಗುವ ಮೆತ್ತನೆ ಪ್ಯಾಡ್, ಕೆಳಗೆ ಬಗ್ಗದ ರಾಕರ್ ಅಟ್ಟೆ. ಎಂಸಿಆರ್ ಅನ್ನುವ ರಬ್ಬರ್ ಹಾಳೆ ನಮ್ಮ ದೇಶದಲ್ಲಿ ಕುಷ್ಠರೋಗಿಗಳ ಪಾದ ಉಳಿಸಲು ಬಳಕೆಗೆ ಬಂತು, ಈಗ ಸಕ್ಕರೆ ಕಾಯಿಲೆಯವರಿಗೂ ಅದೇ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಆಂಡ್ ರಿಸರ್ಚ್‌ನಲ್ಲಿ ಪಾದಕ್ಕೇ ಪ್ರತ್ಯೇಕ ವಿಭಾಗ ಇದೆ.

ಹಾಕಿಕೊಳ್ಳುವ ಮೊದಲು ಪ್ರತಿ ಸಲ ಶೂ ಒಳಗೆ ಕೈ ಆಡಿಸಲಿ. ಮನೆಯೊಳಗೂ ಬರಿಗಾಲು ಬೇಡ. ದೇವರ ಮನೆಗೆ ಬೇರೆ ಒಂದು ಜೊತೆ ಇಟ್ಟುಕೊಳ್ಳಲಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕಡೂರು ವಿಆರ್‌ಡಬ್ಲ್ಯು

ನಾನು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಖರ್ಚಿನ ವಿಷಯ ಯಾರೂ ಬರೆಯಲಿಲ್ಲ, ಬರೆಯುತ್ತೇನೆ.

ಅಕ್ಕ, ನಿಮ್ಮ ಅಣ್ಣನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆಯಾ? ಇಲ್ಲದಿದ್ದರೆ ಮೊದಲು ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರಬೇಕು. ಎಷ್ಟು ಅಂತ ಜಿಲ್ಲಾಸ್ಪತ್ರೆಯ ಡಾಕ್ಟರು ನೋಡಿ ಬರೆಯುತ್ತಾರೆ. ನಾವು ನೀವು ಹೇಳುವುದಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಅದರ ಪಟ್ಟಿಯಲ್ಲಿ ಸರ್ಜಿಕಲ್ ಶೂ, ಎಂಸಿಆರ್ ಚಪ್ಪಲಿ ಎರಡೂ ಇವೆ. ಟ್ರೈಸಿಕಲ್ ಮಾತ್ರ ಕೊಡುತ್ತಾರೆ ಅಂತ ಜನ ತಿಳಿದಿದ್ದಾರೆ. ಆದಾಯದ ಮಿತಿ ಇದೆ, ಆದಾಯ ಪ್ರಮಾಣಪತ್ರ ಬೇಕು. ಈ ಸಾಧನಗಳನ್ನು ತಯಾರಿಸುವ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊದವರು ಜಿಲ್ಲೆಗೆ ಬಂದು ಅಳತೆ ಶಿಬಿರ ಮಾಡುತ್ತಾರೆ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಹತ್ತಿರ ಹೆಸರು ಬರೆಸಿಡಿ.

ಒಂದು ಮಾತು ಮಾತ್ರ ಖಾರವಾಗಿ ಹೇಳುತ್ತೇನೆ. ಶಿಬಿರದಲ್ಲಿ ಅಳತೆ ತೆಗೆದು ತಿಂಗಳುಗಳ ನಂತರ ಇನ್ನೊಂದು ಶಿಬಿರದಲ್ಲಿ ಹಂಚುತ್ತಾರೆ. ಊರುಗೋಲಿಗೆ ಅದು ಸರಿ. ಸೊಟ್ಟ ಪಾದದ ಶೂಗೆ ಹಾಕಿ ನೋಡಿ ತಿದ್ದುವ ಕೆಲಸ ಇದ್ದೇ ಇರುತ್ತದೆ. ತಿದ್ದುವವರು ಅಂದು ಅಲ್ಲಿ ಇರುತ್ತಾರಾ ಅಂತ ಮೊದಲೇ ಕೇಳಿ. ನಮ್ಮ ಕಡೆ ಒಬ್ಬರು ಕೊಟ್ಟ ಶೂವನ್ನು ಹಾಗೇ ಅಟ್ಟದ ಮೇಲೆ ಇಟ್ಟಿದ್ದಾರೆ. ಫೋಟೊ ತೆಗೆಸಿಕೊಂಡಿದ್ದು ಮಾತ್ರ ಲಾಭ.

ಬೆಂಗಳೂರಿಗೆ ಹೋಗಲು ಆದರೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾದಲ್ಲಿ ಈ ಕೆಲಸ ಮಾಡುತ್ತಾರೆ, ಕಲಿಸುತ್ತಾರೆ ಕೂಡ. ಎಲ್ಲೇ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಇದೆಯಾ ಅಂತ ಕೇಳಿ. ಗೋಡೆಗೆ ತೂಗುಹಾಕಿರುತ್ತಾರೆ.

ಗಂಡಸಿ ಹ್ಯಾಂಡ್‌ಪೋಸ್ಟ್

ನಮ್ಮ ಪಕ್ಕದ ಮನೆಯಲ್ಲಿ ಮಗು ಹುಟ್ಟಿದೆ, ಎರಡೂ ಪಾದ ಒಳಕ್ಕೆ ತಿರುಗಿವೆ. ಅಜ್ಜಿ ಎಣ್ಣೆ ತಿಕ್ಕುತ್ತಿದ್ದಾರೆ. ಅವರಿಗೂ ಶೂ ಹೇಳಬೇಕಾ?

ಅಚ್ಚು ಮತ್ತು ಅಟ್ಟೆ

ಈ ವಾರವೇ ಆಸ್ಪತ್ರೆಗೆ ಕಳಿಸಿ ಅಣ್ಣಾ. ಮಗುವಿನ ಪಾದ ಬಗ್ಗುತ್ತದೆ. ಪೊನ್ಸೆಟಿ ಪದ್ಧತಿಯಲ್ಲಿ ವಾರಕ್ಕೊಂದು ಪ್ಲಾಸ್ಟರ್ ಬದಲಿಸಿ ಮೆಲ್ಲಗೆ ನೇರಕ್ಕೆ ತರುತ್ತಾರೆ. ಬಹಳ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ಚಿಕ್ಕದಾಗಿ ಕೊಯ್ಯಬೇಕಾಗುತ್ತದೆ. ಆಮೇಲೆ ಅಡ್ಡಪಟ್ಟಿಗೆ ಜೋಡಿಸಿದ ಬೂಟು, ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಹಗಲು ರಾತ್ರಿ, ಅದಾದ ಮೇಲೆ ಮಗುವಿಗೆ ನಾಲ್ಕು ವರ್ಷ ಆಗುವ ತನಕ ರಾತ್ರಿ ಹೊತ್ತು. ಆ ಬೂಟನ್ನು ಮಧ್ಯದಲ್ಲಿ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಇದನ್ನು ಅಜ್ಜಿಗೇ ಹೇಳಿ. ಅವರು ಮನಸ್ಸು ಮಾಡಿದರೆ ಬಿಡಿಸುವುದಿಲ್ಲ.

ಸಕಲೇಶಪುರದ ತಂಗಿ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಗಾಯ ಪೂರ್ತಿ ಒಣಗಿತು, ಸಕ್ಕರೆ ಇಲ್ಲ. ಮೂಳೆ ಡಾಕ್ಟರು ಆಪರೇಷನ್ ಬಗ್ಗೆ ವಿವರವಾಗಿ ಹೇಳಿದರು. ಅಣ್ಣ ಕೊಯ್ಲು ಮುಗಿಯುವ ತನಕ ಆ ಮಾತೇ ಬೇಡ ಅಂದ. ಚೀಟಿ ಬರೆದುಕೊಟ್ಟರು.

ಅಚ್ಚು ತೆಗೆಯುವುದನ್ನು ನಾನು ಮೊದಲ ಸಲ ನೋಡಿದೆ. ಪ್ಲಾಸ್ಟರ್ ಪಟ್ಟಿ ಸುತ್ತುವ ಮೊದಲು ಕಾಲಿಗೆ ತೆಳು ಕಾಲುಚೀಲ ಹಾಕಿ, ಮೂಳೆ ಉಬ್ಬಿದ ಕಡೆಯೆಲ್ಲ ನೇರಳೆ ಪೆನ್ಸಿಲಿನಿಂದ ಸುತ್ತು ಹಾಕಿದರು. ಒದ್ದೆ ಪ್ಲಾಸ್ಟರಿನ ಒಳಮೈಗೆ ಆ ಗುರುತು ಹಾಗೇ ಇಳಿಯುತ್ತದೆ. ಅಳತೆಗೆ ಸಂಜೆಯೇ ಬನ್ನಿ ಅಂದಿದ್ದರು, ಸಂಜೆಗೆ ಪಾದ ಸ್ವಲ್ಪ ಊದಿರುತ್ತದಂತೆ. ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಗೆರೆ ಎಳೆದರು. ಬಲಗಾಲಿನ ಗೆರೆ ನೋಡಿ ಅಣ್ಣ ‘ಗೋಡಂಬಿ’ ಅಂದು ನಕ್ಕ.

ಮೊದಲ ಸಲ ಹಾಕಿ ನೋಡಿದಾಗ ಹೊರ ಅಂಚಿನಲ್ಲಿ ಒಂದು ಕಡೆ ಒತ್ತುತ್ತಿತ್ತು. ಅಲ್ಲಿದ್ದ ಮೇಡಂ ಆ ಜಾಗಕ್ಕೆ ಲಿಪ್‌ಸ್ಟಿಕ್ ಹಚ್ಚಿ ಶೂ ಹಾಕಿಸಿ ನಿಲ್ಲಿಸಿದರು. ಪ್ಯಾಡಿನ ಮೇಲೆ ಕೆಂಪು ಬೊಟ್ಟು ಮೂಡಿತು. ಅಷ್ಟನ್ನೇ ಉಜ್ಜಿ ಆಳ ಮಾಡಿದರು. ಮತ್ತೆ ಹಾಕಿದಾಗ ಅಣ್ಣ ಏನೂ ಹೇಳಲಿಲ್ಲ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ.

ಈಗ ಮನೆಗೆ ತಂದಿದ್ದೇವೆ. ಎಷ್ಟು ಹೊತ್ತು ಹಾಕಬೇಕು? ಅವನು ನಾಳೆಯೇ ತೋಟಕ್ಕೆ ಹಾಕಿಕೊಂಡು ಹೋಗುತ್ತೇನೆ ಅಂತಾನೆ.

ಅಚ್ಚು ಮತ್ತು ಅಟ್ಟೆ

ನಾಳೆ ತೋಟ ಬೇಡ. ಮೊದಲ ದಿನ ಮನೆಯಲ್ಲೇ ಒಂದು ಗಂಟೆ. ಬಿಚ್ಚಿದ ತಕ್ಷಣ ಪಾದ ನೋಡಿ. ಕೆಂಪು ಇರುತ್ತದೆ, ಅದು ಸಹಜ. ಅರ್ಧ ಗಂಟೆಯೊಳಗೆ ಆ ಕೆಂಪು ಹೋಗಬೇಕು. ಹೋಗದಿದ್ದರೆ ಅಲ್ಲಿ ಒತ್ತಡ ಜಾಸ್ತಿ ಇದೆ. ಫೋಟೊ ತೆಗೆದುಕೊಂಡು ಮಾಡಿದವರ ಹತ್ತಿರ ವಾಪಸ್ ಹೋಗಿ. ಹತ್ತಿ ತುರುಕಿ ನೀವೇ ಸರಿಮಾಡಬೇಡಿ. ಕೆಂಪು ಹೋದರೆ ಮರುದಿನ ಒಂದೊಂದು ಗಂಟೆ ಜಾಸ್ತಿ ಮಾಡುತ್ತಾ ಹೋಗಿ. ಹೊಲಿಗೆ ಇಲ್ಲದ ಹತ್ತಿ ಕಾಲುಚೀಲ ಹಾಕಿ, ಅಥವಾ ಇರುವುದನ್ನೇ ಒಳಗು ಹೊರಗು ಮಾಡಿ ಹಾಕಿ.

ಪ್ಯಾಡ್ ನಾಲ್ಕಾರು ತಿಂಗಳಿಗೊಮ್ಮೆ ಹೊರಗೆ ತೆಗೆದು ನೋಡಿ. ಹೊರ ಅಂಚಿನಲ್ಲಿ ಹೆಬ್ಬೆರಳಿಂದ ಒತ್ತಿದರೆ ಪುಟಿಯದೆ ಚಪ್ಪಟೆ ಆಗಿದ್ದರೆ ಅದರ ಕೆಲಸ ಮುಗಿದಿದೆ. ಶೂ ಚೆನ್ನಾಗಿದ್ದರೂ ಪ್ಯಾಡ್ ಬದಲಿಸಬೇಕು. ಅಚ್ಚು ಅವರ ಹತ್ತಿರ ಇರುತ್ತದಾ ಕೇಳಿ, ಇದ್ದರೆ ಮುಂದಿನ ಸಲ ಖರ್ಚು ಕಡಿಮೆ.

ಐ.ಜಿ. ರೋಡ್ ರಿಪೇರಿ

ಅಟ್ಟೆಯ ಹೊರ ಅಂಚು ಸವೆಯಲು ಶುರುವಾದ ಕೂಡಲೇ ಪಟ್ಟಿ ಹಾಕಿಸಿ. ಐದು ಮಿ.ಮೀ. ಸವೆದರೆ ಅಷ್ಟೆಲ್ಲ ಅಳೆದು ಕೊಟ್ಟ ಎತ್ತರ ಹೋದ ಹಾಗೇ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಸಕಲೇಶಪುರದಲ್ಲೇ ಯಾರಾದರೂ ಮಾಡುತ್ತಾರೆ.

ಸಕಲೇಶಪುರದ ತಂಗಿ

ಅಣ್ಣ ಪಕ್ಕದಲ್ಲಿ ಕೂತು ಹೇಳುತ್ತಿದ್ದಾನೆ, ನಾನು ಟೈಪ್ ಮಾಡುತ್ತಿದ್ದೇನೆ. ‘ಪಾದ ಹಗುರ ಆಗಿದೆ. ದಡ್ಡು ಮೆತ್ತಗಾಗಿದೆ. ಶೂ ಮಾತ್ರ ಭಾರ. ತೋಟದ ಬಂಗಲೆ ಹತ್ತಿರದ ಕಲ್ಲು ಮೆಟ್ಟಿಲಲ್ಲಿ ಟಕ್ ಟಕ್ ಅಂತ ಸದ್ದು ಬೇರೆ, ನಾನು ಬರೋದು ಆಳುಗಳಿಗೆ ಮೊದಲೇ ಗೊತ್ತಾಗುತ್ತದೆ. ಜಾಸ್ತಿ ನಡೆದ ದಿನ ಎಡ ಸೊಂಟ ಹಿಡಿಯುತ್ತದೆ, ಮೊದಲು ಇರಲಿಲ್ಲ. ಇದು ಅಭ್ಯಾಸ ಆಗುತ್ತದಾ?’

ಅಚ್ಚು ಮತ್ತು ಅಟ್ಟೆ

ಅಣ್ಣಾ, ಸದ್ದಿಗೆ ತೆಳು ರಬ್ಬರ್ ಪಟ್ಟಿ ಅಂಟಿಸಿದರೆ ಸಾಕು. ಸೊಂಟದ್ದನ್ನು ಅಭ್ಯಾಸಕ್ಕೆ ಬಿಡಬೇಡಿ. ಬಲಗಡೆ ಕೊಟ್ಟ ಎತ್ತರ ಎಡಗಾಲಿಗಿಂತ ಜಾಸ್ತಿ ಆಗಿರಬಹುದು. ಹಾಗಿದ್ದರೆ ಎಡ ಶೂಗೆ ಕೆಲವು ಮಿಲಿಮೀಟರ್ ಕೊಟ್ಟರೆ ಸರಿಹೋಗುತ್ತದೆ. ಅಚ್ಚು ತೆಗೆದವರ ಹತ್ತಿರ ಎರಡೂ ಶೂ ಹಾಕಿಕೊಂಡು ಹೋಗಿ, ನಿಲ್ಲಿಸಿ ಹಿಂದಿನಿಂದ ಸೊಂಟದ ಮೂಳೆ ಎರಡೂ ಒಂದೇ ಮಟ್ಟದಲ್ಲಿದೆಯಾ ನೋಡಲು ಹೇಳಿ. ಎಡಗಾಲಿನ ಕೆಳಗೆ ತೆಳು ಹಲಗೆ ಒಂದೊಂದೇ ಇಟ್ಟು ಅಳೆಯುತ್ತಾರೆ. ಪ್ಯಾಂಟ್ ಮಡಚಿಕೊಳ್ಳುವ ಹಾಗಿರಲಿ, ಲುಂಗಿ ಆದರೂ ಪರವಾಗಿಲ್ಲ.